ಉಬ್ಬಿದ ಹಿಟ್ಟು, ಮೂವರು ಮೆಕ್ಯಾನಿಕ್‌ಗಳು, ಒಂದು ಮೀನಿನ ಅಂಗಡಿ

ದೋಸೆಹಿಟ್ಟು ಪಾತ್ರೆಯಿಂದ ಉಕ್ಕಿ ಹರಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಬಾಯಿ ಮುಚ್ಚಿದ ಪ್ಲಾಸ್ಟಿಕ್ ಪೊಟ್ಟಣದೊಳಗೆ ಅದು ಉಕ್ಕಿದರೆ ಹೇಗಿರುತ್ತದೆ ಎಂದು ನಾನು ಕಂಡದ್ದು 2024ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮೈಸೂರಿನಲ್ಲಿ, ಅಕ್ಕನ ಮನೆಯ ಹಿತ್ತಲ ಕೋಣೆಯಲ್ಲಿ. ನಲವತ್ತು ಪೊಟ್ಟಣಗಳು ತಲೆದಿಂಬಿನ ಹಾಗೆ ಊದಿಕೊಂಡಿದ್ದವು. ಏಳೆಂಟು ಅಂಚಿನಲ್ಲಿ ಬಿರಿದು, ಹಿಟ್ಟು ಫ್ರಿಜ್ಜಿನ ಗಾಜಿನ ಬಾಗಿಲ ಸಂದಿಯಿಂದ ನೆಲಕ್ಕಿಳಿದು ಮೂಲೆಯವರೆಗೆ ಹರಿದಿತ್ತು. ಅಕ್ಕ ಬಕೆಟ್ ಮುಂದಿಟ್ಟುಕೊಂಡು ಒಂದೊಂದನ್ನೇ ಕತ್ತರಿಸಿ ಸುರಿಯುತ್ತಿದ್ದಳು. ಅಳುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದಳು. ಪೊಟ್ಟಣಕ್ಕೆ 45ರಂತೆ 1,800 ರೂಪಾಯಿ. ಅದರ ಮೇಲೆ, ಬೆಳಗಿನ ಹಿಟ್ಟಿಗೆ ಕಾದು ಕೂತ ಒಂಬತ್ತು ಅಂಗಡಿಗಳವರ ಮುನಿಸು.

‘ಫ್ರಿಜ್ಜಿಗೆ ಗ್ಯಾಸ್ ತುಂಬಿಸಿ ಇನ್ನೂ ಎರಡು ತಿಂಗಳಾಗಿಲ್ಲ ಕಣೋ’ ಎಂದಳು.

ನಂಬಿಕೆಯ, ಕೈಗೆಟುಕುವ ಕೆಲಸಗಾರ ಎಲ್ಲಿ ಸಿಗುತ್ತಾನೆ ಎಂಬ ಪ್ರಶ್ನೆಗೆ ಈ ಒಂದು ಫ್ರಿಜ್ಜಿನ ಪ್ರಕರಣ ನನಗೆ ಕಲಿಸಿದಷ್ಟನ್ನು ಬೇರೆ ಯಾವುದೂ ಕಲಿಸಿಲ್ಲ. ಆದ್ದರಿಂದ ಇದನ್ನು ಖರ್ಚಿನ ಸಮೇತ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಲಾಕ್‌ಡೌನ್‌ನಲ್ಲಿ ಭಾವನ ಕಾರ್ಖಾನೆ ಸಂಬಳವನ್ನು ಅರ್ಧ ಮಾಡಿದಾಗ ಅಕ್ಕ ಮನೆಯಲ್ಲಿಯೇ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಮಾರತೊಡಗಿದಳು. ಮೊದಲು ಅಕ್ಕಪಕ್ಕದ ನಾಲ್ಕು ಮನೆ, ಆಮೇಲೆ ಒಂದು ಹಾಲಿನ ಬೂತು, ಆಮೇಲೆ ದಿನಸಿ ಅಂಗಡಿಗಳು. ಭಾವನ ಸಂಬಳ ಮೊದಲಿನಂತಾದ ಮೇಲೂ ಅವಳು ನಿಲ್ಲಿಸಲಿಲ್ಲ. ದಿನಕ್ಕೆ ನಲವತ್ತು ಕಿಲೋ ಹಿಟ್ಟು. ಮುಚ್ಚಿಹೋದ ಒಂದು ಬೇಕರಿಯಿಂದ 14,000 ರೂಪಾಯಿಗೆ ತಂದ ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜು, ಅಂಗಡಿಗಳಲ್ಲಿ ತಂಪು ಪಾನೀಯ ಇಡುತ್ತಾರಲ್ಲ ಅಂಥದ್ದು, ಇಡೀ ವ್ಯಾಪಾರದ ಬೆನ್ನೆಲುಬು. ರುಬ್ಬಿದ ಹಿಟ್ಟು ತಂಪಿನಲ್ಲಿದ್ದರೆ ಮೂರು ದಿನ ಸರಕು. ಹೊರಗಿದ್ದರೆ ಬೇಸಿಗೆಯ ಒಂದು ರಾತ್ರಿಗೇ ಹುಳಿ.

ಮೊದಲನೆಯವನು ಬಂದದ್ದು ಏಪ್ರಿಲ್ ಮೊದಲ ವಾರದಲ್ಲಿ. ಫ್ರಿಜ್ಜು ತಣ್ಣಗಾಗುತ್ತಿಲ್ಲವೆಂದು ಅಕ್ಕ ಮೊಬೈಲಿನಲ್ಲಿ ಆ ಕಂಪನಿಯ ಹೆಸರು, ಪಕ್ಕದಲ್ಲಿ ‘ಸರ್ವಿಸ್ ಸೆಂಟರ್ ಮೈಸೂರು’ ಎಂದು ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ನಂಬರಿಗೆ ಫೋನ್ ಮಾಡಿದಳು. ಎಲ್ಲಕ್ಕಿಂತ ಮೇಲೆ ಬರುವುದು ಬಹಳ ಸಲ ಜಾಹೀರಾತು ಎಂಬುದು ಅವಳಿಗೆ ಹೊಳೆಯಲಿಲ್ಲ, ನನಗೂ ಹೊಳೆಯುತ್ತಿರಲಿಲ್ಲ. ‘ಕಂಪನಿಯವರಾ?’ ಎಂದು ಕೇಳಿದ್ದಕ್ಕೆ ‘ಹೌದು ಮೇಡಂ, ನಾವೇ ಸರ್ವಿಸ್ ಮಾಡುವುದು’ ಎಂಬ ಉತ್ತರ ಬಂತು. ಈಗ ಆ ಮಾತನ್ನು ತಿರುವಿ ನೋಡಿದರೆ ಅದರಲ್ಲಿ ಸುಳ್ಳೇ ಇಲ್ಲ. ಅವರು ಸರ್ವಿಸ್ ಮಾಡುವವರೇ, ಕಂಪನಿಯವರಲ್ಲ, ಅಷ್ಟೇ. ಕಂಪನಿಯ ನಿಜವಾದ ನಂಬರು ಬೇಕಿದ್ದರೆ ಯಂತ್ರದ ಬೆನ್ನಿಗೆ ಅಂಟಿಸಿರುವ ತಗಡಿನ ಚೀಟಿಯಲ್ಲಿ, ಅಥವಾ ಕೊಂಡಾಗಿನ ಬಿಲ್ಲಿನಲ್ಲಿ ನೋಡಬೇಕು. ನಮ್ಮದು ಹಳೆಯ ಮಾಲು, ಬಿಲ್ಲಿರಲಿಲ್ಲ. ಬೆನ್ನನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ಬಂದ ಹುಡುಗ ಕಂಪನಿಯದೇ ಬಣ್ಣದ ಟೀ ಶರ್ಟ್ ತೊಟ್ಟಿದ್ದ. ಬಂದುಹೋಗುವುದಕ್ಕೆ 250 ರೂಪಾಯಿ ಎಂದಾಗ ಅಕ್ಕನಿಗೆ ಸಮಾಧಾನವೇ ಆಯಿತು. ಹತ್ತು ನಿಮಿಷ ಕೊಳವೆಗಳನ್ನು ಮುಟ್ಟಿ ನೋಡಿ ‘ಗ್ಯಾಸ್ ಖಾಲಿ’ ಎಂದ. ಸಿಲಿಂಡರ್ ಜೋಡಿಸಿ ತುಂಬಿದ. 3,300 ರೂಪಾಯಿ. ಫ್ರಿಜ್ಜು ತಣ್ಣಗಾಯಿತು, ಅವನು ಹೋದ. ಕೊಟ್ಟ ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ, ವಿಳಾಸವಿಲ್ಲ. ‘30 ದಿನ ಗ್ಯಾರಂಟಿ’ ಎಂದು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಫ್ರಿಜ್ಜು ಮತ್ತೆ ಕೆಟ್ಟದ್ದು ಮೂವತ್ತನಾಲ್ಕನೆಯ ದಿನ. ಫೋನ್ ತೆಗೆದವರು ಬೇರೆ ಯಾರೋ. ಗ್ಯಾರಂಟಿ ಮುಗಿದಿದೆ, ಮತ್ತೆ 250 ಕೊಟ್ಟರೆ ಬರುತ್ತೇವೆ ಎಂದರು.

ಎರಡನೆಯವನನ್ನು ಕರೆತಂದದ್ದು ಭಾವನ ಸಹೋದ್ಯೋಗಿಯ ಶಿಫಾರಸು. ‘ಬಹಳ ಒಳ್ಳೆಯ ಹುಡುಗ, ನಮ್ಮ ಮನೆಯ ವಾಷಿಂಗ್ ಮೆಷಿನ್ ಹೊಸದರ ಹಾಗೆ ಮಾಡಿಕೊಟ್ಟ.’ ಗುರುತಿನವರು ಹೇಳಿದ್ದು, ಆದ್ದರಿಂದ ಯಾರೂ ಹೆಚ್ಚಿಗೆ ಕೇಳಲಿಲ್ಲ. ಆತ ಫ್ರಿಜ್ಜಿನ ಹಿಂದೆ ಕಿವಿಯಿಟ್ಟು ಕೇಳಿದ. ಒಳಗೆ ಮೂರು ನಾಲ್ಕು ಸೆಕೆಂಡು ಗುಂಯ್ ಎನ್ನುವ ಸದ್ದು, ಆಮೇಲೆ ಟಕ್, ಆಮೇಲೆ ಮೌನ. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್, ಟಕ್. ‘ಕಂಪ್ರೆಸರ್ ಹೋಗಿದೆ ಮೇಡಂ. ಎಲ್ಲಾ ಸೇರಿ ಒಂಬತ್ತು ಸಾವಿರ. ಪಾರ್ಟು ತರುವುದಕ್ಕೆ ಮೂರು ಸಾವಿರ ಮುಂಗಡ ಕೊಡಿ.’ ಕಂಪ್ರೆಸರ್ ಎಂದರೆ ತಂಪು ಮಾಡುವ ಗ್ಯಾಸನ್ನು ಒಳಗೆ ಸುತ್ತಿಸುವ ಪಂಪು. ಅಕ್ಕ ಮುಂಗಡವನ್ನು ಫೋನಿನಲ್ಲಿಯೇ ಕಳಿಸಿಬಿಟ್ಟಳು. ನಾನು ಮೈಸೂರಿಗೆ ಬಂದಿಳಿದದ್ದು ಈ ಹೊತ್ತಿಗೆ.

ನನಗೆ ಫ್ರಿಜ್ಜಿನ ವಿದ್ಯೆ ಏನೂ ಗೊತ್ತಿಲ್ಲ. ಆದರೂ ಹುಡುಗನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ‘ಕಂಪ್ರೆಸರೇ ಹೋಗಿದೆ ಎಂದು ಹೇಗೆ ಗೊತ್ತಾಯಿತಪ್ಪಾ?’ ಆತ ಹೇಳಿದ: ‘ಅನುಭವ ಸರ್.’ ಮೀಟರು ಹಿಡಿದು ನೋಡಿದೆಯಾ ಎಂದರೆ ಅದರ ಅಗತ್ಯವಿಲ್ಲ ಎಂದ. ಒಂಬತ್ತು ಸಾವಿರದ ಕೆಲಸಕ್ಕೆ ಐದು ನಿಮಿಷದ ಪರೀಕ್ಷೆಯ ಅಗತ್ಯವಿಲ್ಲ ಎಂದಾಗ ಪಾರ್ಟು ತರುವುದನ್ನು ತಡೆಯಿರಿ ಎಂದೆ. ಇಷ್ಟು ಮಾಡಿದ್ದು ಮಾತ್ರ ನಾನು. ಮುಂದಿನ ಬುದ್ಧಿ ಭಾವನದು.

‘ನೋಡು, ಯಾರ ಫ್ರಿಜ್ಜು ಕೆಟ್ಟರೆ ಇಡೀ ಬೀದಿಗೇ ಗೊತ್ತಾಗುತ್ತದೋ ಅವರನ್ನು ಕೇಳೋಣ’ ಎಂದರು ಭಾವ.

ಅಂದರೆ ಮೀನಿನ ಅಂಗಡಿ. ಮುಖ್ಯರಸ್ತೆಯ ತಿರುವಿನಲ್ಲಿ ಒಂದಿದೆ. ಅದರ ಮುಂದೆ ಹಾಯುವಾಗ ಅಕ್ಕ ಇಪ್ಪತ್ತು ವರ್ಷದಿಂದ ಸೆರಗನ್ನು ಮೂಗಿಗೆ ಹಿಡಿದೇ ನಡೆದವಳು. ಆ ದಿನ ಸೆರಗು ಬಿಟ್ಟು, ಮೆಟ್ಟಿಲು ಹತ್ತಿ ಕೇಳಿದಳು. ಅಂಗಡಿಯವರು ಮೀನು ಕೊಯ್ಯುವುದನ್ನು ನಿಲ್ಲಿಸದೆಯೇ ಹೇಳಿದರು: ‘ನಮ್ಮಲ್ಲಿ ನಾಲ್ಕು ಫ್ರೀಜರ್ ಇವೆ ಅಕ್ಕಾ. ಹನ್ನೆರಡು ವರ್ಷದಿಂದ ಒಬ್ಬರೇ ನೋಡಿಕೊಳ್ಳುವುದು. ಬಾಯಿ ಜೋರು, ಕೆಲಸವೂ ಜೋರು.’ ಪಕ್ಕದ ಐಸ್‌ಕ್ರೀಮ್ ಅಂಗಡಿಯಲ್ಲಿ ಕೇಳಿದರೆ ಅಲ್ಲಿಯೂ ಅದೇ ಹೆಸರು. ಎರಡು ಬೇರೆ ಬೇರೆ ಬಾಯಿಂದ, ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳದೆ, ಒಂದೇ ಹೆಸರು ಬಂದರೆ ಅದಕ್ಕೆ ತೂಕವಿದೆ.

ಈ ಸಲಹೆಯ ಒಳಗುಟ್ಟು ಏನೆಂದು ಆಮೇಲೆ ಯೋಚಿಸಿದ್ದೇನೆ. ಸಹೋದ್ಯೋಗಿಯೂ ಗುರುತಿನವರೇ, ಅವರ ಮಾತೂ ಪ್ರಾಮಾಣಿಕವೇ. ಆದರೆ ಅವರ ಮನೆಯ ವಾಷಿಂಗ್ ಮೆಷಿನ್ ಎರಡು ದಿನ ನಿಂತರೆ ಕೈಯಲ್ಲಿ ಒಗೆದುಕೊಂಡಾರು. ಮೀನಿನವರಿಗೆ ಆ ಅನುಕೂಲವಿಲ್ಲ. ಸುಳ್ಳು ಹೇಳುವ, ಅರೆಬರೆ ಮಾಡುವ, ಕರೆದಾಗ ಬಾರದ ಮೆಕ್ಯಾನಿಕ್‌ನನ್ನು ಅವರು ಹನ್ನೆರಡು ವರ್ಷ ಇಟ್ಟುಕೊಳ್ಳಲು ಸಾಧ್ಯವೇ ಇಲ್ಲ. ಎರಡನೆಯ ಬೇಸಿಗೆಗೇ ಬಿಟ್ಟಿರುತ್ತಾರೆ. ನಮಗಿಂತ ಹೆಚ್ಚು ಕಳೆದುಕೊಳ್ಳುವವರು ನಮ್ಮ ಪರವಾಗಿ ಆಗಲೇ ಪರೀಕ್ಷೆ ಮಾಡಿ ಮುಗಿಸಿರುತ್ತಾರೆ. ಮೊಬೈಲಿನಲ್ಲಿ ನಕ್ಷತ್ರ ಕೊಡುವವರಿಗೆ ಕೆಲಸ ಮುಗಿದ ಅರ್ಧ ಗಂಟೆಯಲ್ಲಿ ಏನು ಅನ್ನಿಸಿತು ಎಂಬುದಷ್ಟೇ ಗೊತ್ತು. ಅಕ್ಕನೂ ಏಪ್ರಿಲ್‌ನಲ್ಲಿ ಆ ಟೀ ಶರ್ಟಿನ ಹುಡುಗನಿಗೆ ಐದು ನಕ್ಷತ್ರ ಕೊಟ್ಟಿದ್ದಳು!

ಮೂರನೆಯವರಿಗೆ ಅರವತ್ತು ದಾಟಿರಬೇಕು. ಮಂಡಿ ಮೊಹಲ್ಲಾದಲ್ಲಿ ಚಿಕ್ಕ ಅಂಗಡಿ, ಬೋರ್ಡಿನ ಅಕ್ಷರ ಮಾಸಿದೆ. ಫೋನಿನಲ್ಲಿಯೇ ಅರ್ಧ ತನಿಖೆ ನಡೆಸಿದರು. ಒಳಗಿನ ದೀಪ ಉರಿಯುತ್ತಿದೆಯೇ? ಹಿಂದಿನ ಫ್ಯಾನ್ ತಿರುಗುತ್ತಿದೆಯೇ? ಗುಂಯ್ ಎಂದು ನಿಲ್ಲುತ್ತದೆಯೋ, ಗುಂಯ್ ಎನ್ನುವುದೇ ಇಲ್ಲವೋ? ಗೋಡೆಗೂ ಅದಕ್ಕೂ ಎಷ್ಟು ದೂರ? ಎಲ್ಲಕ್ಕೂ ಉತ್ತರ ಕೇಳಿ, ‘ಇವತ್ತು ರಾತ್ರಿ ಒಂಬತ್ತಕ್ಕೆ ಬರುತ್ತೇನೆ, ಅಷ್ಟರೊಳಗೆ ನಾಳೆಯ ಹಿಟ್ಟು ರುಬ್ಬಬೇಡಿ ತಾಯಿ’ ಎಂದರು. ಹಣದ ಮಾತಿಗಿಂತ ಮೊದಲು ಮಾಲಿನ ಮಾತಾಡಿದ ಮೊದಲ ಮನುಷ್ಯ ಇವರು.

ಬಂದವರೇ ಕೆಳಗಿನ ತಗಡು ಬಿಚ್ಚಿದರು. ಬಿಸಿ ಹೊರಹಾಕುವ ಕೊಳವೆ ಜಾಲದ ಮೇಲೆ ಅಕ್ಕಿಹಿಟ್ಟಿನ ದೂಳು, ಜೇಡರ ಬಲೆ, ಕೂದಲು ಎಲ್ಲ ಸೇರಿ ಕಂಬಳಿಯ ಹಾಗೆ ಕವಿದಿತ್ತು. ‘ಮೇ ತಿಂಗಳಲ್ಲಿ ನಿಮಗೆ ಕಂಬಳಿ ಹೊದಿಸಿ ಓಡು ಎಂದರೆ ಓಡುತ್ತೀರಾ?’ ಎಂದು ನನ್ನನ್ನೇ ಗದರಿಸಿದರು. ಜೊತೆಯ ಹುಡುಗ ಬ್ರಷ್ ಹಿಡಿದು ಕೂತ. ಅವರು ಕಂಪ್ರೆಸರಿನ ಪಕ್ಕದ ಮುಚ್ಚಳ ತೆಗೆದು, ಅದರ ಮೂರು ಪಿನ್ನುಗಳ ಮೇಲೆ ಮೀಟರಿನ ಕಡ್ಡಿಗಳನ್ನು ಇಟ್ಟು ಅಕ್ಕನನ್ನು ಕರೆದರು. ‘ಓದಿ ತಾಯಿ.’ ಅಕ್ಕ ಓದಿದಳು: ಹನ್ನೆರಡು. ಇನ್ನೊಂದು ಜೋಡಿಗೆ ಹದಿನೆಂಟು. ಮೂರನೆಯದಕ್ಕೆ ಮೂವತ್ತು. ‘ಮೊದಲೆರಡನ್ನು ಕೂಡಿದರೆ ಮೂರನೆಯದು ಬರಬೇಕು. ಬಂತಲ್ಲ? ಸುರುಳಿ ಸುಟ್ಟಿಲ್ಲ ಎಂದರ್ಥ.’ ಆಮೇಲೆ ಪಿನ್ನಿಗೊಂದು ಕಡ್ಡಿ, ಕಂಪ್ರೆಸರಿನ ಮೈಗೊಂದು ಕಡ್ಡಿ. ಮೀಟರು ಅಲುಗಲಿಲ್ಲ. ‘ಮೈಗೆ ಕರೆಂಟು ಹಾಯುತ್ತಿಲ್ಲ. ಇದು ಸತ್ತಿಲ್ಲ, ಇದನ್ನು ಎಬ್ಬಿಸುವವನು ಸತ್ತಿದ್ದಾನೆ.’

ಎಬ್ಬಿಸುವವನು ಎಂದರೆ ರಿಲೇ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಅದಕ್ಕೆ ಹೆಚ್ಚಿನ ಒಂದು ತಳ್ಳು ಕೊಟ್ಟು ಸರಿಯುವುದು ಅದರ ಕೆಲಸ. ಬಿಚ್ಚಿ ಅಕ್ಕನ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಮಗುವಿನ ಗಿಲಕಿಯ ಹಾಗೆ ಸದ್ದು ಬಂತು. ಒಳಗಿನ ಬಿಲ್ಲೆ ಒಡೆದು ಚೂರಾಗಿತ್ತು. ತಳ್ಳು ಸಿಗದೆ ಕಂಪ್ರೆಸರ್ ಗುಂಯ್ ಎಂದು ಒದ್ದಾಡಿ ಬಿಸಿಯಾಗುತ್ತಿತ್ತು. ಬಿಸಿ ಹೆಚ್ಚಿದಾಗ ಕಾವಲಿನ ಸ್ವಿಚ್ಚು ಟಕ್ ಎಂದು ಕರೆಂಟು ಕಡಿಯುತ್ತಿತ್ತು. ಎರಡನೆಯ ಹುಡುಗ ಸದ್ದನ್ನು ಸರಿಯಾಗಿಯೇ ಕೇಳಿದ್ದ. ಅರ್ಥ ಮಾತ್ರ ತಪ್ಪು ಮಾಡಿದ್ದ.

ಹೊಸ ರಿಲೇ ಹಾಕಿ ಅರ್ಧ ಗಂಟೆ ಓಡಿಸಿದ ಮೇಲೆ ಇನ್ನೊಂದು ವಿಷಯ ಬಯಲಾಯಿತು. ಕಂಪ್ರೆಸರಿಗೆ ವಾಪಸು ಬರುವ ಕೊಳವೆಯ ಮೇಲೆ ಬುಡದವರೆಗೂ ಬಿಳಿ ಹಿಮ. ಅವರು ಅದರ ಮೇಲೆ ಬೆರಳಾಡಿಸಿ, ‘ಯಾರೋ ಗ್ಯಾಸ್ ತುಂಬಿದ್ದಾರೆ. ಬೇಕೇ ಇರಲಿಲ್ಲ. ಗ್ಯಾಸ್ ಅತಿಯಾಗಿ ಒಳಗೆ ಒತ್ತಡ ಏರಿದೆ’ ಎಂದರು. ‘ಖಾಲಿಯಾಗಿದೆ ಎಂದರಲ್ಲ’ ಎಂದಳು ಅಕ್ಕ. ‘ಅದೇನು ಸ್ಕೂಟರಿನ ಪೆಟ್ರೋಲೇ ತಾಯಿ, ಉರಿದು ಖಾಲಿಯಾಗುವುದಕ್ಕೆ? ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ ಎಂದರ್ಥ. ತೂತು ಹುಡುಕದೆ ತುಂಬುವವನು ಒಡೆದ ಕೊಡಕ್ಕೆ ನೀರು ಹಾಕುವವನು. ತೂತಿಲ್ಲದೆ ತುಂಬುವವನನ್ನು ಏನೆನ್ನಬೇಕೋ ನೀವೇ ಹೇಳಿ.’

ಹಾಗಾದರೆ ಏಪ್ರಿಲ್‌ನಲ್ಲಿ ಅದು ಮತ್ತೆ ತಣ್ಣಗಾದದ್ದು ಹೇಗೆ? ಅವರ ಊಹೆ ಹೀಗಿತ್ತು: ಗ್ಯಾಸ್ ತುಂಬುವವನು ಯಂತ್ರವನ್ನು ಗಂಟೆಗಟ್ಟಲೆ ಆರಿಸಿಟ್ಟ, ಅದು ತಣಿಯಿತು, ತಣಿದ ಮೇಲೆ ಆಗಿನ್ನೂ ಅರೆಜೀವವಾಗಿದ್ದ ರಿಲೇ ಹೇಗೋ ಎಬ್ಬಿಸಿತು. ಹೆಚ್ಚಾದ ಗ್ಯಾಸಿನ ಭಾರಕ್ಕೆ ತಿಂಗಳು ದಾಟುತ್ತಲೇ ಅದು ಪೂರ್ತಿ ಒಡೆಯಿತು. ಕೊನೆಗೆ ಗ್ರೈಂಡರ್ ಚಾಲೂ ಮಾಡಿಸಿ ಅದೇ ಸಾಲಿನಲ್ಲಿದ್ದ ಫ್ರಿಜ್ಜಿನ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆದರು. 216 ವೋಲ್ಟ್ ಇದ್ದದ್ದು 178ಕ್ಕೆ ಇಳಿಯಿತು. ಎರಡಕ್ಕೂ ಬೇರೆ ಬೇರೆ ತಂತಿ ಎಳೆಸಿ ಎಂದರು. ಎಲೆಕ್ಟ್ರಿಷಿಯನ್‌ನ ಹೆಸರನ್ನೂ ಅವರೇ ಕೊಟ್ಟರು. ಅದೂ ಒಳ್ಳೆಯದೇ ಆಯಿತು, ಏಕೆಂದರೆ ಒಬ್ಬ ಕಸುಬಿನವನ ಕೆಲಸವನ್ನು ಗೋಡೆಯೊಳಗಿನಿಂದ ನೋಡುವುದು ಇನ್ನೊಬ್ಬ ಕಸುಬಿನವನೇ. ನಮಗೆ ಕಾಣುವುದು ಸ್ವಿಚ್ಚಿನ ಮೇಲಿನ ಹೊಳಪು ಮಾತ್ರ.

ಸಾಮಾನಿಗೆ 350, ಕೂಲಿಗೆ 500. ಒಟ್ಟು 850 ರೂಪಾಯಿ. ಒಡೆದ ರಿಲೇಯನ್ನು ಕೇಳದೆಯೇ ಅಕ್ಕನ ಕೈಗಿಟ್ಟರು.

ಈಗ ಲೆಕ್ಕ. ಟೀ ಶರ್ಟಿನ ಹುಡುಗನಿಗೆ 3,550. ಹಾಳಾದ ಹಿಟ್ಟು 1,800. ಮುಂಗಡದ 3,000ದಲ್ಲಿ 500 ‘ಬಂದುಹೋದ ಖರ್ಚು’ ಎಂದು ಹಿಡಿದುಕೊಂಡು ಉಳಿದ 2,500ನ್ನು ಎರಡನೆಯ ಹುಡುಗ ವಾಪಸು ಕಳಿಸಿದ. ಮೂರನೆಯವರಿಗೆ 850. ಒಟ್ಟು 6,700, ನಿಜಕ್ಕೂ ಬೇಕಿದ್ದದ್ದು 850. ಮೂವರಲ್ಲಿ ಬಂದುಹೋಗುವ ದರ ಎಲ್ಲಕ್ಕಿಂತ ಕಡಿಮೆ ಹೇಳಿದವನೇ ಎಲ್ಲಕ್ಕಿಂತ ದುಬಾರಿಯಾದ. ಇದು ಆಕಸ್ಮಿಕವಲ್ಲ. ಜಾಹೀರಾತಿಗೋ, ಗಿರಾಕಿ ಹುಡುಕಿಕೊಡುವ ಮಧ್ಯವರ್ತಿಗೋ ಹಣ ತೆತ್ತು ನಿಮ್ಮ ಬಾಗಿಲಿಗೆ ಬಂದವನು 250 ರೂಪಾಯಿ ಪಡೆದು ಹಿಂತಿರುಗಿದರೆ ಅವನಿಗೆ ನಷ್ಟ. ಏನಾದರೂ ಒಂದನ್ನು ತುಂಬಲೇಬೇಕು, ಏನಾದರೂ ಒಂದನ್ನು ಬದಲಿಸಲೇಬೇಕು. ಅಂಥ ಹುಡುಗರನ್ನು ಬಯ್ಯುವುದಕ್ಕಿಂತ ಆ ಏರ್ಪಾಟನ್ನು ಅರಿತುಕೊಳ್ಳುವುದು ಲೇಸು. ಎರಡನೆಯವನ ಮೇಲಂತೂ ನನಗೆ ಕೋಪವೇ ಇಲ್ಲ. ಅವನು ಕಳ್ಳನಲ್ಲ, ವಾಷಿಂಗ್ ಮೆಷಿನ್ ಬಲ್ಲವನು. ‘ನನಗೆ ಇದು ಗೊತ್ತಿಲ್ಲ’ ಎಂದು ಹೇಳುವ ಧೈರ್ಯ ಸಾಲಲಿಲ್ಲ, ಅಷ್ಟೆ.

ಟೀ ಶರ್ಟಿನವನ ಮೇಲೆ ದೂರು ಕೊಡಬಹುದಿತ್ತಲ್ಲವೇ ಎಂದು ಕೆಲವರು ಕೇಳಿದರು. ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ವ್ಯಾಪಾರಕ್ಕೆ ಬಳಸುವ ಯಂತ್ರ ಎಂದು ಹಿಂಜರಿಯಬೇಕಾಗಿಯೂ ಇಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವ ವಸ್ತು ‘ವಾಣಿಜ್ಯ ಉದ್ದೇಶ’ಕ್ಕೆ ಸೇರದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಆದರೆ ಯಾರ ಮೇಲೆ ದೂರು? ಚೀಟಿಯಲ್ಲಿ ಹೆಸರೇ ಇಲ್ಲ. ಹೆಸರು, ವಿಳಾಸ, ಮಾಡಿದ ಕೆಲಸ ಬರೆದ ರಸೀದಿ ಕೇಳಿ ಪಡೆಯದವರಿಗೆ ಕಾನೂನು ಕೈಗೆಟುಕದ ನೆಲ್ಲಿಕಾಯಿ.

ಅದೇ ವರ್ಷ ಇನ್ನೊಂದು ಪಾಠವೂ ಆಯಿತು, ಅದು ಚಿಕ್ಕದು. ಒಂದು ದೊಡ್ಡ ಅಂಗಡಿಯವರು ಪೊಟ್ಟಣದ ಮೇಲೆ ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಇದ್ದರೆ ಮಾತ್ರ ಹಿಟ್ಟು ಇಡುತ್ತೇವೆ ಎಂದರು. ಏಜೆಂಟರೊಬ್ಬರು 4,000 ರೂಪಾಯಿ ಕೇಳಿದರು, ‘ಲೈಸೆನ್ಸ್, ಎಲ್ಲಾ ಸೇರಿ’ ಎಂದರು. ವರ್ಷದ ವಹಿವಾಟು 12 ಲಕ್ಷದೊಳಗಿರುವವರಿಗೆ ಆಗ ಬೇಕಿದ್ದದ್ದು ಲೈಸೆನ್ಸ್ ಅಲ್ಲ, ಬರಿಯ ನೋಂದಣಿ. ಅದರ ಸರ್ಕಾರಿ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ. ಅಕ್ಕನ ವಹಿವಾಟು ಆ 12 ಲಕ್ಷದ ಅರ್ಧದಷ್ಟು. ಈ ಸಲ ಅವಳು ಯಾರನ್ನೂ ಕೇಳುವ ಮೊದಲು ತಾನೇ ಸರ್ಕಾರದ ತಾಣದಲ್ಲಿ ಶುಲ್ಕ ಎಷ್ಟೆಂದು ನೋಡಿದಳು. ಆಮೇಲೆ, ಒಂದು ಬೇಕರಿಯ ಗೋಡೆಯಲ್ಲಿ ನೋಂದಣಿ ಪತ್ರ ತೂಗುತ್ತಿದ್ದುದನ್ನು ಕಂಡು, ಅದನ್ನು ಮಾಡಿಕೊಟ್ಟ ಸೈಬರ್ ಅಂಗಡಿಯ ಹುಡುಗನನ್ನು ಹಿಡಿದಳು. ಅವನ ಕೂಲಿ 300. ತಾನೇ ಮಾಡಬಹುದಾಗಿದ್ದ ಕೆಲಸಕ್ಕೆ 300 ಕೊಟ್ಟಳಲ್ಲ ಎಂದು ನಾನು ಗೊಣಗಿದ್ದಕ್ಕೆ, ‘ಫೋಟೋ ಗಾತ್ರ ಸರಿಯಿಲ್ಲ ಎಂದು ಅದು ನಾಲ್ಕು ಸಲ ಬೈದರೆ ನನ್ನ ಹಿಟ್ಟು ಯಾರು ರುಬ್ಬುತ್ತಾರೆ?’ ಎಂದಳು. ಸರಿಯಾದ ಮಾತೇ. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಯೂ ಹೀಗೆಯೇ. ಸರ್ಕಾರದ ತಾಣದಲ್ಲಿ ಅದು ಪೂರ್ತಿ ಉಚಿತ. ಅದರಂತೆಯೇ ಕಾಣುವ ಖಾಸಗಿ ತಾಣಗಳಲ್ಲಿ ಮಾತ್ರ ಸಾವಿರಗಟ್ಟಲೆ.

ಭಾವನ ಸೂತ್ರ ಒಮ್ಮೆ ಕೈಕೊಟ್ಟಿದ್ದನ್ನೂ ಹೇಳಬೇಕು. ನೀರಿನ ಕೊಳಾಯಿ ಸೋರಿದಾಗ ದೊಡ್ಡ ಹೋಟೆಲೊಂದರ ಪ್ಲಂಬರ್‌ನನ್ನು ಹುಡುಕಿದರು. ಕೆಲಸದಲ್ಲಿ ಎತ್ತಿದ ಕೈ, ಸಂಶಯವಿಲ್ಲ. ಆದರೆ ನಾಲ್ಕು ದಿನ ‘ಸಂಜೆ ಬರುತ್ತೇನೆ’ ಎಂದವನು ಬರಲೇ ಇಲ್ಲ. ಹೋಟೆಲಿನ ನೂರು ನಲ್ಲಿಗಳ ಮುಂದೆ ನಮ್ಮ ಒಂದು ನಲ್ಲಿ ಯಾವ ಲೆಕ್ಕ? ಐದನೆಯ ದಿನ ಬೀದಿಯ ಕೊನೆಯ ಹುಡುಗ ಬಂದು ವಾಷರ್ ಬದಲಿಸಿ 120 ರೂಪಾಯಿ ಪಡೆದ. ಕೆಲಸ ಬಲ್ಲವನು ಸಿಕ್ಕರೆ ಸಾಲದು, ನಮ್ಮ ಅಳತೆಯ ಕೆಲಸ ಅವನಿಗೆ ಬೇಕಾಗಿಯೂ ಇರಬೇಕು. ಅಕ್ಕ ಅದಕ್ಕೇ ಒಂದು ಏರ್ಪಾಟು ಮಾಡಿಕೊಂಡಿದ್ದಾಳೆ. ಫ್ರಿಜ್ಜಿನ ಹಿರಿಯರನ್ನು ಕೆಡಲಿ ಬಿಡಲಿ ವರ್ಷಕ್ಕೆರಡು ಸಲ, ಯುಗಾದಿಗೆ ಮುಂಚೆ ಒಮ್ಮೆ, ದಸರಾ ಗಲಾಟೆಗೆ ಮುಂಚೆ ಒಮ್ಮೆ ಕರೆಸುತ್ತಾಳೆ. ದೂಳು ತೆಗೆದು, ಕರೆಂಟು ಅಳೆದು ಹೋಗುವುದಕ್ಕೆ 400 ರೂಪಾಯಿ. ದರ ಚೌಕಾಸಿ ಮಾಡುವುದಿಲ್ಲ, ಹಣ ಬಾಕಿ ಇಡುವುದಿಲ್ಲ. ಅವರ ಪುಸ್ತಕದಲ್ಲಿ ಈಗ ಅವಳೂ ಮೀನಿನ ಅಂಗಡಿಯ ಸಾಲಿನಲ್ಲಿದ್ದಾಳೆ. ಒಡೆದ ರಿಲೇ ಅಡುಗೆಮನೆಯ ಶೆಲ್ಫಿನ ಮೇಲೆ, ಏಲಕ್ಕಿ ಡಬ್ಬಿಯ ಪಕ್ಕ ಇದೆ. ಯಾರಾದರೂ ‘ಕಂಪ್ರೆಸರ್ ಹೋಗಿದೆಯಂತೆ’ ಎಂದು ಗೋಳಾಡಿಕೊಂಡು ಬಂದರೆ ಅದನ್ನು ತೆಗೆದು ಅಲುಗಿಸಿ ಕೇಳಿಸುತ್ತಾಳೆ.

ಕಳೆದ ಸಲ ನಾನು ಹೋಗಿದ್ದಾಗ ಗೇಟಿನ ಹೊರಗೆ ಮೀನಿನ ಅಂಗಡಿಯವರು ನಿಂತಿದ್ದರು. ಒಳಗೆ ಕರೆದರೂ ಬರಲಿಲ್ಲ; ಕೈ ವಾಸನೆ ಎಂದರು. ತಮ್ಮ ಆಹಾರ ನೋಂದಣಿಯ ಅವಧಿ ಮುಗಿಯುತ್ತಿದೆ, ಯಾರೋ ಐದು ಸಾವಿರ ಕೇಳುತ್ತಿದ್ದಾರೆ, ‘ನಿಮ್ಮ ಪೊಟ್ಟಣದ ಮೇಲೆ ನಂಬರು ನೋಡಿದೆ, ಯಾರ ಹತ್ತಿರ ಮಾಡಿಸಿದಿರಿ ಅಕ್ಕಾ?’ ಎಂದರು. ಅಕ್ಕ ಸೈಬರ್ ಹುಡುಗನ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟು, 300ಕ್ಕಿಂತ ಹೆಚ್ಚು ಕೇಳಿದರೆ ನನ್ನ ಹೆಸರು ಹೇಳಿ ಎಂದಳು. ಅವರು ಹೋಗುವಾಗ ಎರಡು ಕಿಲೋ ದೋಸೆಹಿಟ್ಟನ್ನೂ ಕೊಂಡರು. ಅದರ 90 ರೂಪಾಯಿಯನ್ನು ಅಕ್ಕ ಎಣಿಸಿಯೇ ತೆಗೆದುಕೊಂಡಳು.